ಗೋಡೆಯ ಎತ್ತರದಿಂದ ಕಂಡ ಮನೆ

ಆ ದಿನದ ಬೆಳಗು ಎಂದಿನಂತೆಯೇ ಇತ್ತು. ರಾಣೇಬೆನ್ನೂರಿನ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಳದ ನೀರು ಐದೂವರೆಗೆ ಬರುತ್ತಿತ್ತು. ಎರಡು ಕೊಡ, ಒಂದು ಬಕೆಟ್ಟು ತುಂಬಿಸಿ, ಬಾಗಿಲಿಗೆ ನೀರು ಚಿಮುಕಿಸಿ, ಸ್ಟೋವ್ ಹಚ್ಚಿ ರೊಟ್ಟಿಗೆ ಕೂತೆ. ನಾಲ್ಕು ವರ್ಷದ ಮಗಳು ಇನ್ನೂ ಮಲಗಿದ್ದಳು. ರೊಟ್ಟಿ ಬಡಿಯುತ್ತಿದ್ದಾಗ ಕಣ್ಣ ಮುಂದೆ ಒಂದು ಕ್ಷಣ ಯಾರದೋ ಬೈತಲೆ ಹಾದುಹೋಯಿತು. ಮೊಣಕಾಲಿಗೆ ಹಣೆ ಹಚ್ಚಿ ನೆಲದ ಮೇಲೆ ಕೂತ ಹೆಂಗಸಿನ ಬೈತಲೆ. ಮೇಲಿನಿಂದ ಬಗ್ಗಿ ನೋಡಿದ ಹಾಗೆ ಕಂಡಿತು. ಅದರ ತುದಿಯಲ್ಲಿ ತುಸು ಓರೆಯಾದ ಕುಂಕುಮ. ಹಿಂದಿನ ಮಳೆಗಾಲದಿಂದ ಹೀಗೆ ಆಗೊಮ್ಮೆ ಈಗೊಮ್ಮೆ ಕಾಣುತ್ತಿತ್ತು. ದಿನಾ ಮಗಳ ತಲೆ ಬಾಚುತ್ತೇನಲ್ಲ, ಅದರ ನೆನಪಿರಬೇಕು ಎಂದುಕೊಂಡು ರೊಟ್ಟಿ ತಿರುವಿ ಹಾಕಿದೆ.

ಇಂಥವನ್ನು ನಂಬುವವಳಲ್ಲ ನಾನು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಪ್ರಾರ್ಥನೆಯ ಕೋಣೆಯಲ್ಲಿ ಮೇರಿ ಮಾತೆಯ ದೊಡ್ಡ ಚಿತ್ರವಿತ್ತು. ಎಲ್ಲಿ ನಿಂತರೂ ಅದು ನನ್ನನ್ನೇ ನೋಡುತ್ತದೆ ಎಂದು ಒಮ್ಮೆ ಹೆದರಿ ಅತ್ತಿದ್ದೆ. ಸಿಸ್ಟರ್ ನನ್ನ ಕೈ ಹಿಡಿದು ಚಿತ್ರದ ಮುಂದೆ ಎಡಕ್ಕೂ ಬಲಕ್ಕೂ ನಡೆಸಿದರು. ಬರೆದವನು ಪಾಪೆಗಳನ್ನು ಕಣ್ಣಿನ ನಟ್ಟನಡುವೆ ಇಟ್ಟಿದ್ದಾನೆ, ಬೇರೇನಿಲ್ಲ ಎಂದು ತಿಳಿಸಿ ಹೇಳಿದರು. ಅಂದಿನಿಂದ ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು.

ನನ್ನ ಗಂಡ ಚಿತ್ರಕಲೆಯ ಡಿಪ್ಲೊಮಾ ಮಾಡಿದವರು. ಮದುವೆಯಾದ ಮೇಲೆ ನಾವು ಮಾಡಿದ್ದೆಲ್ಲ ಒಂದೇ ಕೆಲಸ, ಚಿತ್ರ ಬರೆಯುವವನೊಬ್ಬ ಬದುಕಬಹುದಾದ ಊರನ್ನು ಹುಡುಕುವುದು. ಮೊದಲು ಹಾವೇರಿಯಲ್ಲಿದ್ದೆವು. ಅಲ್ಲಿ ಅಂಗಡಿಗಳ ಬೋರ್ಡು ಬರೆದರು. ಮನೆ ಮಾಲೀಕರು ದಿನಾ ಕೇಳುತ್ತಿದ್ದರು, "ಚಿತ್ರ ಬರೀತೀರಿ, ಖರೇ. ಕೆಲಸಕ್ಕ ಏನ್ ಮಾಡ್ತೀರಿ?" ನಾನು ನಗುತ್ತಿದ್ದೆ, ಇವರು ನಗುತ್ತಿರಲಿಲ್ಲ. ಆಮೇಲೆ ರಾಣೇಬೆನ್ನೂರಿಗೆ ಬಂದೆವು. ಬೀಜದ ವ್ಯಾಪಾರಿಗಳಿಗಾಗಿ ಗೋಡೆಗಳ ಮೇಲೆ ಹತ್ತಿಯ ಕಾಯಿ, ಟೊಮೆಟೊ ಬರೆದರು. ಒಂದು ದಿನ ಇವರು ಮನೆಗೆ ಬಂದವರೇ ಕುಂಚಗಳನ್ನೆಲ್ಲ ಮುರಿದು ಬಚ್ಚಲ ಒಲೆಗೆ ಹಾಕಿದರು. ಎಂಟು ತಿಂಗಳು ಬಣ್ಣ ಮುಟ್ಟಲಿಲ್ಲ, ನಮ್ಮೊಡನೆ ಮಾತೂ ಕಡಿಮೆಯಾಯಿತು. ಆಗ ನಾನು ಅವರನ್ನು ಒಬ್ಬರನ್ನೇ ಮನೆಯಲ್ಲಿ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ.

ಅವರನ್ನು ಮತ್ತೆ ಬಣ್ಣದ ಮುಂದೆ ಕೂರಿಸಿದ್ದು ಬ್ಯಾಡಗಿಯ ಫೋಟೊ ಸ್ಟುಡಿಯೊದ ಮೆಹಬೂಬಸಾಬರು. ಆಗ ಎಷ್ಟೋ ಮನೆಗಳ ಹೆಂಗಸರು ಬದುಕಿರುವಾಗ ಒಂದೂ ಫೋಟೊ ತೆಗೆಸಿಕೊಂಡಿರುತ್ತಿರಲಿಲ್ಲ. ಸತ್ತ ಮೇಲೆ ಸ್ಟುಡಿಯೊದವರನ್ನು ಕರೆಸುತ್ತಿದ್ದರು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಬಟ್ಟೆಯಿಂದ ಹಿಂದಕ್ಕೆ ಕಟ್ಟಿ ತೆಗೆದ ಫೋಟೊ ಅದು. ಅದನ್ನು ನೋಡಿ ದೊಡ್ಡ ಪಟ ಬರೆಯಬೇಕು, ಮುಚ್ಚಿದ ಕಣ್ಣು ತೆರೆಸಬೇಕು. "ಪಟ ನೋಡೋರನ್ನ ಪಟ ನೋಡಬೇಕ್ರಿ, ಅಷ್ಟ ಮಾಡಿ ಕೊಡ್ರಿ" ಎನ್ನುತ್ತಿದ್ದರು ಮೆಹಬೂಬಸಾಬರು. ಆದರೆ ಕಾಣದ ಕಣ್ಣನ್ನು ಬರೆಯುವುದು ಹೇಗೆ? ಇವರು ನನ್ನನ್ನು ಕಿಟಕಿಯ ಬಳಿ ಕೂರಿಸಿಕೊಂಡು ನನ್ನ ಕಣ್ಣನ್ನೇ ಬರೆಯುತ್ತಿದ್ದರು. ಒಂದೂವರೆ ವರ್ಷದಲ್ಲಿ ಹಾಗೆ ಹದಿನೇಳು ಪಟಗಳಾದವು. ನಾನು ಒಮ್ಮೆಯೂ ಕಾಲಿಡದ ಬ್ಯಾಡಗಿಯಲ್ಲಿ ಹದಿನೇಳು ಸತ್ತ ಹೆಂಗಸರು ನನ್ನ ಕಣ್ಣಿನಿಂದ ನೋಡುತ್ತಿದ್ದಾರೆ ಎಂದು ಇವರು ತಮಾಷೆ ಮಾಡುತ್ತಿದ್ದರು.

ಆ ಊರು ಮಾತ್ರ ಇವರನ್ನು ಆರ್ಟಿಸ್ಟರು ಎಂದು ಕರೆಯಿತು. ಹೋದಲ್ಲೆಲ್ಲ ಕುರ್ಚಿ ಹಾಕಿ ಚಹಾ ಕೊಡುತ್ತಿದ್ದರು. ಆದ್ದರಿಂದ ಅಲ್ಲಿಯೇ ಮನೆ ಮಾಡುವುದೆಂದು ನಿರ್ಧರಿಸಿ, ಆ ದಿನ ಇಬ್ಬರೂ ಒಂದು ಬಾಡಿಗೆ ಮನೆ ನೋಡಲು ಹೊರಟಿದ್ದೆವು. ಹೊರಡುವ ಮುಂಚೆ ಇವರು ನನ್ನನ್ನು ಕೂರಿಸಿ ಹಲಗೇರಿಯ ಒಬ್ಬ ಮುದುಕಿಯ ಪಟಕ್ಕೆ ಕಣ್ಣು ಬರೆದು ಮುಗಿಸಿದರು. ಯಾವಾಗಿನಂತೆ ಪಾಪೆಗಳು ನಟ್ಟನಡುವೆ ಇದ್ದವು. ನಾನೇ ನೋಡಿದೆ. ಪಟವನ್ನು ಒಣಗಲು ಕಿಟಕಿಯ ಬಳಿ ಇಟ್ಟು, ಮಗಳನ್ನು ಪಕ್ಕದ ಮನೆಯ ಗಂಗಕ್ಕನ ಹತ್ತಿರ ಬಿಟ್ಟು, ಬೀಗ ಹಾಕಿದೆವು.

ಮೋಟೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಬ್ಯಾಡಗಿಯಲ್ಲಿ ಇಳಿಯುವ ಮೊದಲೇ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು. ಮನೆ ಒಬ್ಬ ವಯಸ್ಸಾದ ದಲ್ಲಾಳಿಯದು. ಹಿಂಭಾಗದಲ್ಲಿ ಅವರು, ಮಗ, ಸೊಸೆ ಇದ್ದರು. ಮುಂದಿನ ಎರಡು ಕೋಣೆ ಬಾಡಿಗೆಗೆ. "ಬರ್ರಿ ಆರ್ಟಿಸ್ಟರ. ನಮ್ಮಾಕಿನ್ನ ಜೀವಂತ ಕುಂದರ್ಸಿ ಕೊಟ್ಟೀರಿ ನೀವು, ನಿಮಗ ಇಲ್ಲ ಅಂತೀನೇನು?" ಎಂದು ಇವರ ಕೈ ಹಿಡಿದು ಬೆಳಕಿನ ಕೋಣೆ ತೋರಿಸಲು ಕರೆದೊಯ್ದರು. ನನ್ನನ್ನು ಒಳಗೆ ಸೊಸೆಯ ಬಳಿ ಕಳಿಸಿದರು.

ನಡುಮನೆಯ ಹೊಸ್ತಿಲ ಮೇಲೆ ನಾನು ನಿಂತುಬಿಟ್ಟೆ. ಆ ಕೋಣೆ ನನಗೆ ಗೊತ್ತಿತ್ತು. ಆದರೆ ಬಾಗಿಲಿನಿಂದ ಕಾಣುವ ಹಾಗೆ ಅಲ್ಲ, ಮೇಲಿನಿಂದ ಕಾಣುವ ಹಾಗೆ. ಫ್ಯಾನಿನ ರೆಕ್ಕೆಗಳ ಮೇಲ್ಭಾಗದ ಧೂಳು ಗೊತ್ತಿತ್ತು. ಮೂಲೆಯ ಮರದ ಕಪಾಟು ನನಗಿಂತ ಎರಡು ಅಡಿ ಎತ್ತರ, ಅದರ ನೆತ್ತಿ ನಿಂತವರಿಗೆ ಕಾಣುವುದಿಲ್ಲ. ಆದರೂ ಅಲ್ಲಿ ಒಂದು ಮುರಿದ ಬೀಸಣಿಗೆ, ಸುತ್ತಿಟ್ಟ ಹಳೆಯ ಕ್ಯಾಲೆಂಡರು, ಅವುಗಳ ಹಿಂದೆ ಬಾಯಿಗೆ ಅರಳೆ ತುರುಕಿದ ಕಂದು ಬಣ್ಣದ ಸಣ್ಣ ಬಾಟ್ಲಿ ಇದೆ ಎಂಬುದು ನನ್ನ ಅಡುಗೆಮನೆಯ ಉಪ್ಪಿನ ಡಬ್ಬಿಯಷ್ಟು ಖಚಿತವಾಗಿ ಗೊತ್ತಿತ್ತು. ತಿರುಗಿ ನೋಡಿದೆ. ಎದುರು ಗೋಡೆಯ ಮೇಲೆ, ಕಪಾಟಿಗಿಂತ ಎತ್ತರದಲ್ಲಿ, ಗದ್ದದ ಮೇಲೆ ಗಾಯದ ಗುರುತಿದ್ದ ಹೆಂಗಸಿನ ಪಟ. ಹಿಂದಿನ ಮಳೆಗಾಲ ಶುರುವಾಗುವ ಮುಂಚೆ ನಾನೇ ಕೂತು ಕಣ್ಣು ಕೊಟ್ಟ ಪಟ.

ಸೊಸೆ ಚಹಾ ತಂದಳು. ಇಪ್ಪತ್ತರ ಹುಡುಗಿ, ಹೆಸರು ಕಸ್ತೂರಿ. "ಕಣ್ಣ ಉರಿತಾವೇನ್ರಿ ಅಕ್ಕಾರ? ಹೊಸಬರಿಗೆ ಹಂಗ. ಎಂಟ ದಿನದಾಗ ರೂಢಿ ಆಗ್ತೈತ್ರಿ."

"ನಿನಗ ರೂಢಿ ಆಗೇತೇನವಾ?"

"ನನಗ ಈ ಘಾಟ ಚೊಲೋನ ಆಗೈತ್ರಿ. ಅತ್ತರೂ ಯಾಕಂತ ಯಾರೂ ಕೇಳಂಗಿಲ್ಲ" ಎಂದು ನಕ್ಕಳು. ಲೋಟ ಇಡಲು ಬಗ್ಗಿದಾಗ ಅವಳ ಬೈತಲೆ ಕಂಡಿತು. ತುದಿಯಲ್ಲಿ ಓರೆಯಾದ ಕುಂಕುಮ.

ನಾನು ಯೋಚನೆ ಮಾಡಿ ಆಡಿದ ಮಾತಲ್ಲ ಅದು. "ಕಪಾಟಿನ ಮ್ಯಾಲೆ, ಬೀಸಣಿಗಿ ಹಿಂದ ಇಟ್ಟೀಯಲ್ಲ, ಅದನ್ನ ತಗದು ನನಗ ಕೊಡವಾ" ಎಂದುಬಿಟ್ಟೆ.

ಹುಡುಗಿ ಬಾಗಿಲ ಕಡೆ ತಿರುಗಿ ನೋಡಿದಳು. "ನಿಮಗ ಯಾರ್ ಹೇಳಿದ್ರಿ? ಅದನ್ನ ಇಡುವಾಗ ಮನ್ಯಾಗ ಯಾರೂ ಇದ್ದಿದ್ದಿಲ್ಲ." ಆಮೇಲೆ ಪಟದ ಕಡೆ ನೋಡಿ ದನಿ ತಗ್ಗಿಸಿದಳು. "ಅತ್ತಿಯವರು ಒಬ್ಬರ ನೋಡಿದ್ರು."

ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ, ಗಂಡನಿಗೆ ಇನ್ನೊಂದು ಹೆಣ್ಣು ನೋಡುತ್ತಿದ್ದಾರೆ. ಇಷ್ಟನ್ನು ಅವಳು ಸ್ಟೂಲಿನ ಮೇಲೆ ನಿಂತು ಕೈ ಚಾಚಿಕೊಂಡೇ ಹೇಳಿದಳು. ಬಾಟ್ಲಿ ನನ್ನ ಕೈಗೆ ಬಂತು. ಹತ್ತಿ ಹೊಲಕ್ಕೆ ಹೊಡೆಯುವ ವಿಷದ ಎಣ್ಣೆಯ ವಾಸನೆ. "ಜೀವಂತ ಇದ್ದಾಗ ಅತ್ತಿಯವರು ಒಂದಿನಾನೂ ನನ್ನ ಹಿಂಗ ನೋಡಿದವರಲ್ರಿ, ಬರೇ ಬೈದಾರ. ಪಟ ಆದ ಮ್ಯಾಲೆ ಅಂತಃಕರಣದ ಕಣ್ಣ ಬಂದಾವ ನೋಡ್ರಿ. ಅದಕ್ಕ ದಿನಾ ಅವರ ಮುಂದ ಕುಂತು ಅಳತೇನಿ." ಹೇಳುತ್ತ ಹೇಳುತ್ತ ನನ್ನ ಮುಖ ದಿಟ್ಟಿಸಿದಳು. ಒಮ್ಮೆ ಪಟ ನೋಡಿದಳು, ಒಮ್ಮೆ ನನ್ನನ್ನು. ನಾನು ತಲೆ ತಗ್ಗಿಸಿ ಬಾಟ್ಲಿಯನ್ನು ಚೀಲದೊಳಗೆ ಸೇರಿಸಿಕೊಂಡೆ. "ನೀವು ಈ ಮನಿಗೆ ಬರ್ತೀರಲ್ರಿ?" ಎಂದು ಕೇಳಿದಳು. ಬರ್ತೇನಿ ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಸಿಳ್ಳೆ ಹಾಕುತ್ತಿದ್ದರು. ವರ್ಷಗಳಾಗಿತ್ತು ಅದನ್ನು ಕೇಳಿ. "ಉತ್ತರಕ್ಕ ಎಂಥಾ ಕಿಟಕಿ ಐತಿ ನೀ ನೋಡಬೇಕಿತ್ತು. ಊರು ಸಿಕ್ಕಿತು ನಮಗ" ಎಂದರು. ನಾನು ಚೀಲವನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದೆ. ಕಿಟಕಿಯಿಂದ ಎಸೆದರೆ ದನ ಕುರಿ ಮೂಸಿಯಾವು ಎಂಬ ಹೆದರಿಕೆ, ಇವರಿಗೆ ಹೇಳಿದರೆ ಮತ್ತೆ ಕುಂಚ ಮುಟ್ಟಲಿಕ್ಕಿಲ್ಲ ಎಂಬ ಹೆದರಿಕೆ.

ಬ್ಯಾಡಗಿಗೆ ನಾವು ಹೋಗಲಿಲ್ಲ. ನಾನೇ ಬೇಡ ಎಂದೆ. ಘಾಟು ಮಗಳ ಎದೆಗೆ ಆಗುವುದಿಲ್ಲ ಎಂದು ಸುಳ್ಳು ಹೇಳಿದೆ. ಇನ್ನೂ ಹದಿನಾರು ಗೋಡೆಗಳಿದ್ದವು ಆ ಊರಿನಲ್ಲಿ. ಅಲ್ಲಿ ಏನೇನು ಕಾಣಬೇಕಾದೀತೋ ಎಂದು ಹೆದರಿದೆ. ಕಣ್ಣು ಕೊಡಲು ಮತ್ತೆ ಕೂರಲೂ ಇಲ್ಲ. ಇವರು ಕಾರಣ ಕೇಳಲಿಲ್ಲ. ಹಾವೇರಿಗೆ ಮರಳಿ ಬೋರ್ಡು ಬರೆಯುತ್ತ ಆಯುಷ್ಯ ಕಳೆದರು, ಸಿಳ್ಳೆ ಹಾಕಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಅವರಿಗೆ ಕುರ್ಚಿ ಹಾಕಿದ ಒಂದೇ ಊರನ್ನು ನಾನು ಅವರಿಂದ ಕಸಿದೆ. ಬರ್ತೇನಿ ಎಂದು ಕಸ್ತೂರಿಗೆ ಕೊಟ್ಟ ಮಾತನ್ನೂ ತಪ್ಪಿದೆ. ನಾನು ಆ ಮನೆಯಲ್ಲಿದ್ದಿದ್ದರೆ ಅವಳಿಗೆ ಗೋಡೆಯ ಬದಲು ಜೀವಂತ ಮನುಷ್ಯರೊಬ್ಬರ ಮುಂದೆ ಅಳಲು ಆಗುತ್ತಿತ್ತು. ಅವಳು ಏನಾದಳೆಂದು ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ. ಆ ಬೈತಲೆ ಮುಂದೆಂದೂ ನನಗೆ ಕಾಣಲಿಲ್ಲ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಗೊತ್ತಿಲ್ಲ. ಸಿಸ್ಟರ್ ಹೇಳಿದ ಪಾಪೆಯ ಲೆಕ್ಕದಲ್ಲಿ ಇದನ್ನು ಎಲ್ಲಿ ಕೂರಿಸಬೇಕೋ ಇಂದಿಗೂ ತಿಳಿದಿಲ್ಲ.

ಆ ಸಂಜೆ ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಇವರು ಬಸ್ ಸ್ಟ್ಯಾಂಡಿನಿಂದಲೇ ಪೇಟೆಗೆ ಹೋದರು. ನಾನೊಬ್ಬಳೇ ಬೀಗ ತೆಗೆದು ಒಳಗೆ ಹೋಗಿ, ಮಗಳ ಕೈಗೆ ಸಿಗಬಾರದೆಂದು ಬಾಟ್ಲಿಯನ್ನು ನಮ್ಮ ಕಪಾಟಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಇಟ್ಟೆ. ಬೆಳಿಗ್ಗೆ ಎಲ್ಲಾದರೂ ಹುಗಿದರಾಯಿತು ಎಂದುಕೊಂಡೆ. ಮುಖ ತೊಳೆಯುತ್ತಿದ್ದಾಗ ಗಂಗಕ್ಕ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದಳು. ಮಗುವನ್ನು ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕಿಟಕಿಯ ಬಳಿಯ ಪಟವನ್ನು ನೋಡಿ ನಕ್ಕಳು.

"ಅಯ್ಯ ವೈನಿ, ಈ ಮುದುಕಿ ಯಾಕ್ರಿ ನಮ್ಮನ್ನ ಬಿಟ್ಟು ಕಪಾಟಿನ ಮ್ಯಾಲೆ ನೋಡಾಕತ್ತಾಳ? ಏನ್ ಮುಚ್ಚಿಟ್ಟೀರಿ ಅಲ್ಲಿ, ಶೇಂಗಾದ ಉಂಡಿ?"