ಹಿಂದುಳಿದ ತಾಲೂಕಿನ ಪೈಪ್ ಕಾರ್ಖಾನೆ

ನಮ್ಮ ಮನೆತನದ ಗಂಡಸರೆಲ್ಲ ಗುಡಿಯ ಪೂಜೆಗೆ ಹೋದವರು, ಇಲ್ಲವೇ ಶಾಲೆಗೆ ಪಾಠ ಹೇಳಲು ಹೋದವರು. ಕಾರ್ಖಾನೆಗೆ ಹೋದವನು ನಾನೊಬ್ಬನೇ. ಎಪ್ಪತ್ತರ ದಶಕದ ಕೊನೆಯಲ್ಲಿ, ಹಿಂದುಳಿದ ತಾಲೂಕೆಂದು ಮುಂಡರಗಿಯಲ್ಲಿ ಉದ್ಯಮ ಹಾಕುವವರಿಗೆ ಸರ್ಕಾರ ಅಗ್ಗದ ಜಾಗ, ಸಹಾಯಧನ, ತೆರಿಗೆ ವಿನಾಯಿತಿ ಎಲ್ಲ ಕೊಡುತ್ತಿತ್ತು. ಆ ಆಸೆಗೆ ಮುಂಬಯಿಯ ಮಾಲೀಕರೊಬ್ಬರು ಊರ ಹೊರಗೆ ಪ್ಲಾಸ್ಟಿಕ್ ಪೈಪಿನ ಕಾರ್ಖಾನೆ ತೆರೆದರು. ನಾನು ಬೆಟಗೇರಿಯಿಂದ ಸ್ಟೋರ್ ಕೀಪರ್ ಆಗಿ ಹೋಗಿ, ಶೆಡ್ಡಿಗೆ ಹೊಂದಿಕೊಂಡಿದ್ದ ಕೋಣೆಯಲ್ಲಿ ಉಳಿದೆ.

ಆ ಜಾಗ ಮೊದಲು ಒಬ್ಬ ವಿಧವೆಯ ಹೊಲವಾಗಿತ್ತು. ಹೊಲ ಬಿಟ್ಟುಕೊಟ್ಟದ್ದಕ್ಕೆ ಆಕೆಗೆ ಅಲ್ಲೇ ಕಸ ಗುಡಿಸುವ, ಪೈಪು ಹೊಂದಿಸಿಡುವ ಕೆಲಸ ಸಿಕ್ಕಿತ್ತು. ನನ್ನ ಮೇಜಿನ ಕೆಳಗೆ ಗುಡಿಸುವಾಗ ಒಮ್ಮೆ ಹೇಳಿದ್ದಳು: "ಇಲ್ಲೇ ನಮ್ಮ ಬನ್ನಿಗಿಡ ಇತ್ರಿ ಸಾಹೇಬ್ರ. ನೀವು ಕುಂತಲ್ಲೇ."

ವಿನಾಯಿತಿಯ ಅವಧಿ ಮುಗಿಯುತ್ತಲೇ ಲಾರಿಗಳು ಬಂದವು. ಬೇರೆ ರಾಜ್ಯದಲ್ಲಿ ಹೆಚ್ಚಿನ ಸವಲತ್ತು ಸಿಕ್ಕಿದೆಯೆಂದು ಮಾಲೀಕರು ಯಂತ್ರಗಳನ್ನು ಬಿಚ್ಚಿಸಿದರು. ಆಕೆ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು: "ಯಾಕ್ರಿ, ನಮ್ಮ ತಾಲೂಕು ಮುಂದ ಬಂತೇನ್ರಿ?"

"ಇಲ್ಲವ್ವಾ, ಅಲ್ಲಿಯವರು ನಮಗಿಂತ ಹಿಂದ ಉಳದಾರಂತ."

"ಹಂಗಾದ್ರ ಹಿಂದ ಉಳದಷ್ಟೂ ಚಲೋ ಅನ್ರಿ!"

ಇಬ್ಬರೂ ನಕ್ಕೆವು. ಲಾರಿಗಳು ತಿರುವು ದಾಟಿದ ಮೇಲೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಊರ ದಾರಿ ಹಿಡಿದಳು.

ಖಾಲಿ ಶೆಡ್ಡು ಕಾಯಲು ಮಾಲೀಕರು ನನ್ನನ್ನು ಇಟ್ಟುಕೊಂಡರು. ಮಧ್ಯಾಹ್ನದ ಬಿಸಿಲಿಗೆ ತಗಡು ಟಪ್ಪೆಂದರೂ ಯಾರೋ ಬಂದರೆಂದು ಎದ್ದು ನೋಡುತ್ತಿದ್ದೆ. ಮಾತು ಮರೆತೀತೆಂದು ಹಳೆಯ ಪತ್ರಿಕೆಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಬೆಟಗೇರಿಗೆ ಹೋದರೆ ಅಪ್ಪ, "ನಿಮ್ಮ ಕಾರ್ಖಾನಿ ಹೆಂಗ ನಡದದ?" ಎಂದು ಕೇಳುವರು. ಅದಕ್ಕೇ ಹೋಗುವುದನ್ನೂ ಕಡಿಮೆ ಮಾಡಿದೆ.

ಒಂದು ಸುಗ್ಗಿಯಲ್ಲಿ ಆಕೆ ಮತ್ತೆ ಬಂದಳು. ಯಾರದೋ ಹೊಲವನ್ನು ಬೆಳೆಯಲ್ಲಿ ಪಾಲು ಕೊಡುವ ಕೋರಿಗೆ ಹಾಕಿಕೊಂಡು ಬೆಳೆದಿದ್ದಳು. "ಮಳಿ ಮಾಡ ಆಗೇತ್ರಿ. ಒಂದೀಟು ಮೆಣಸಿನಕಾಯಿ ಒಳಗ ಹರವಲೇನ್ರಿ?"

ನಾನು ಕೀಲಿ ತೆಗೆದೆ. ಸಿಮೆಂಟಿನ ನೆಲವೆಲ್ಲ ಕೆಂಪಾಯಿತು. ಆಕೆ ದಿನಾಲೂ ಬಂದು ಕಾಯಿ ತಿರುವಿ ಹಾಕುತ್ತಿದ್ದಳು. ಘಾಟಿಗೆ ಇಬ್ಬರೂ ಸೀನುತ್ತಿದ್ದೆವು. ತಂದ ರೊಟ್ಟಿಯಲ್ಲಿ ನನಗೂ ಪಾಲು. "ಒಬ್ಬರ ಹೆಂಗ ಇರ್ತೀರಿ? ಗೋಡಿ ಜೋಡಿ ಮಾತಾಡ್ತೀರೇನು?" ಎಂದಳೊಮ್ಮೆ. ಹೌದೆನ್ನಲು ನಾಚಿಕೆಯಾಯಿತು.

ಅದೇ ವಾರ ಕೈಗಾರಿಕಾ ಇಲಾಖೆಯ ಅಧಿಕಾರಿಯೊಬ್ಬರು ಹೊಸ ಉದ್ಯಮಿಗೆ ಶೆಡ್ಡು ತೋರಿಸಲು ಜೀಪಿನಲ್ಲಿ ಬಂದರು. ಮೆಣಸಿನಕಾಯಿ ಕಂಡು ಅವರ ಮುಖ ಬಿಗಿಯಿತು.

"ಇದು ಕೈಗಾರಿಕೆಗೆ ಕೊಟ್ಟ ಜಾಗ. ಇದನ್ನೆಲ್ಲ ಈಗಲೇ ತೆಗೆಸಿ."

"ಇದು ಈಕೆಯ ಹೊಲವೇ ಆಗಿತ್ತು, ಸರ್," ಎಂದೆ.

"ಆಗಿತ್ತು," ಎಂದಷ್ಟೇ ಹೇಳಿ ಅವರು ಉದ್ಯಮಿಯ ಕಡೆ ತಿರುಗಿದರು.

ಆಕೆ ಚೀಲ ತುಂಬತೊಡಗಿದಳು. ನಾನೂ ಕುಕ್ಕರಗಾಲಲ್ಲಿ ಕುಳಿತು ತುಂಬಿದೆ. ಕೈ ಉರಿಯುತ್ತಿತ್ತು.

ಆ ಉದ್ಯಮಿ ಬರಲೇ ಇಲ್ಲ. ಆಕೆಯೂ ಬರಲಿಲ್ಲ. ಆಕೆಯ ಮನೆ ದೂರವೇನಿರಲಿಲ್ಲ, ಆದರೆ ಯಾವ ನೆಪ ಹೇಳಿ ಹೋಗಬೇಕೆಂದು ನನಗೆ ತೋಚಲಿಲ್ಲ. ಬೇಸಿಗೆಗೆ ಶಿರಹಟ್ಟಿಯ ಶಾಲೆಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಟ್ರಂಕು ಎತ್ತಿಕೊಂಡು ರಸ್ತೆಗೆ ಬಂದು ಬಸ್ಸಿಗೆ ಕೈ ಮಾಡಿದೆ. "ಇಲ್ಲಿ ಯಾರ ಇರ್ತಾರ?" ಎಂದು ಕಂಡಕ್ಟರ್ ಕೇಳಿದ. ಯಾರೂ ಇಲ್ಲ ಎಂದು ಟಿಕೆಟ್ ತೆಗೆದುಕೊಂಡೆ.