ಅರ್ಧ ಇಂಚಿನ ಸ್ಪ್ಯಾನರ್

ನನ್ನ ಗಂಡ ಆರ್ಲೊ ವಿಸ್ಕಾನ್ಸಿನ್‌ನ ಹಳ್ಳಿ ರಸ್ತೆಗಳಲ್ಲಿ ಮೂವತ್ತೆಂಟು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು. ಎಂಥ ಹಿಮದಲ್ಲೂ ಒಂದು ಸಲವೂ ಗಾಡಿಯನ್ನು ಚರಂಡಿಗೆ ಇಳಿಸಲಿಲ್ಲ. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುವ ಮನುಷ್ಯ. ನಿವೃತ್ತನಾದ ವರ್ಷ ಯಾರದೋ ಹುಲ್ಲಿನ ಕೊಟ್ಟಿಗೆಯಲ್ಲಿ ಇಲಿಗಳು ಗೂಡು ಕಟ್ಟಿದ್ದ, ಬಟ್ಟೆ ಹೊದಿಕೆಯ, ಮುಂದೊಂದು ಹಿಂದೊಂದು ಸೀಟಿನ ಪುಟ್ಟ ವಿಮಾನವೊಂದನ್ನು ತಂದು ನಮ್ಮ ಗ್ಯಾರೇಜಿನಲ್ಲಿ ಪ್ರತಿಷ್ಠಾಪಿಸಿದ. ನಾಲ್ಕು ಚಳಿಗಾಲದಿಂದ ನನ್ನ ಕಾರು ಹೊರಗೆ ಹಿಮದಲ್ಲಿದೆ. ನನ್ನ ಇಸ್ತ್ರಿ ಪೆಟ್ಟಿಗೆ ಮಾತ್ರ ಒಳಗಿದೆ, ರೆಕ್ಕೆಯ ಬಟ್ಟೆ ಕಾಯಿಸಿ ಬಿಗಿ ಮಾಡಲು! ಬೈದಿದ್ದೇನೆ, ಇಲ್ಲವೆನ್ನುವುದಿಲ್ಲ. ಬೈಯುತ್ತಲೇ ಜೊತೆಗೆ ನಿಂತು ರೆಕ್ಕೆ ಹೊಲಿದಿದ್ದೇನೆ. ಆ ಬದಿಯಿಂದ ಅವನು ಉದ್ದನೆಯ ಸೂಜಿ ತೂರಿಸುವುದು, ಈ ಬದಿಯಿಂದ ನಾನು ಎಳೆದು ವಾಪಸ್ ಕೊಡುವುದು.

ಅವನ ಹತಾರಗಳಿಗೆ ಗೋಡೆಯ ಮೇಲೊಂದು ಹಲಗೆ. ಪ್ರತಿಯೊಂದರ ಆಕಾರವನ್ನೂ ಅದರ ಜಾಗದಲ್ಲಿ ಕಪ್ಪು ಬಣ್ಣದಲ್ಲಿ ಬರೆದಿಟ್ಟಿದ್ದಾನೆ. ಎರಡೂ ರೆಕ್ಕೆ ಮುಚ್ಚಿ ಬಣ್ಣವೂ ಆದಮೇಲೆ ನೋಡುತ್ತೇನೆ, ಅರ್ಧ ಇಂಚಿನ ಸ್ಪ್ಯಾನರಿನ ಜಾಗ ಖಾಲಿ. ವಿಮಾನವನ್ನು ವಾಲಿಸುವ ತಂತಿಗಳು ರೆಕ್ಕೆಯೊಳಗೇ ಓಡುತ್ತವೆ. ಅಲ್ಲೊಂದು ಕಬ್ಬಿಣದ ತುಂಡು ಸಿಕ್ಕಿಕೊಂಡರೆ ಮೇಲೆ ಹೋದವನು ನೆಟ್ಟಗೆ ಇಳಿಯುವುದಿಲ್ಲ.

"ಅದಾ? ಡುವೇನ್‌ಗೆ ಕೊಟ್ಟಿದ್ದೀನಿ ಮಾರಾಯ್ತಿ," ಎಂದ ಆರ್ಲೊ, ಕೇಳಿದ್ದಕ್ಕೆ.

"ಅರವತ್ತಕ್ಕೆ ಅರಳುಮರಳು ಅಂತಾರೆ. ನಿನಗೆ ಎಪ್ಪತ್ತೊಂದು."

"ಹಂಗಾದ್ರೆ ಹನ್ನೊಂದು ವರ್ಷ ತಪ್ಪಿಸ್ಕೊಂಡಿದ್ದೀನಿ ಬಿಡು," ಎಂದು ನಕ್ಕ.

ಡುವೇನ್ ವಿಮಾನ ಪರೀಕ್ಷಿಸಿ ಸಹಿ ಹಾಕುವ ಮೆಕ್ಯಾನಿಕ್, ತಾನೂ ಹಾರಿಸುವವನು. ಗುರುವಾರ ಬರುವವನಿದ್ದ. ಅವನ ಸಹಿ ಬಿದ್ದರೆ ಆ ತಿಂಗಳೇ ಆರ್ಲೊ ಒಬ್ಬನೇ ಹಾರುವವನು. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಯ ನಂತರ ಕಾಫಿ ಕುಡಿಯುವಾಗ ಡುವೇನ್‌ನನ್ನು ಹಿಡಿದೆ.

"ಸ್ಪ್ಯಾನರಾ? ನನ್ನ ಹತ್ರಾನೇ ಮೂರಿವೆ, ಅವನದ್ಯಾಕೆ ಇಸ್ಕೊಳ್ಲಿ?" ಎಂದ. ಆಮೇಲೆ ದನಿ ತಗ್ಗಿಸಿದ. "ಬೆವ್, ಬೇಜಾರು ಮಾಡ್ಕೋಬೇಡ. ಮೊನ್ನೆ ಫೋನಲ್ಲಿ ಒಂದೇ ಪ್ರಶ್ನೇನ ಮೂರು ಸಲ ಕೇಳ್ದ."

ಕಾಫಿ ಲೋಟವನ್ನು ಹಾಗೇ ಮೇಜಿನ ಮೇಲಿಟ್ಟೆ. ಆ ಗಾದೆ ಆಡಿದ ನನ್ನ ನಾಲಿಗೆಗೆ ಬೆಂಕಿ ಬೀಳ!

ಮನೆಗೆ ಬಂದವಳೇ ಕೋಟೂ ಬಿಚ್ಚದೆ ಗ್ಯಾರೇಜಿಗೆ ಹೋಗಿ ಎಡ ರೆಕ್ಕೆಯ ತುದಿ ಎತ್ತಿದೆ. ಏನೂ ಇಲ್ಲ. ಬಲದ್ದನ್ನು ಎತ್ತಿದೆ. ಒಳಗೇನೋ ಸರ್ರನೆ ಜಾರಿ ಟಣ್ ಎಂದಿತು.

ಆರ್ಲೊ ಬಾಗಿಲಲ್ಲಿ ನಿಂತಿದ್ದ. "ತಂತಿ ಸದ್ದು ಅದು."

"ನೀನೇ ಎತ್ತಿ ನೋಡು."

ಎತ್ತಿದ. ಇನ್ನೊಂದು ಸಲ ಎತ್ತಿದ. ಚಾಕು ತೆಗೆದುಕೊಂಡು, ಎರಡು ತಿಂಗಳು ತಿಕ್ಕಿ ಹೊಳಪು ತಂದಿದ್ದ ಕೆಂಪು ಬಟ್ಟೆಯನ್ನು ಗೇಣುದ್ದ ಕುಯ್ದು ಕೈ ಹಾಕಿದ. ಸ್ಪ್ಯಾನರ್ ಬಂತು.

ಹೋದ ಜೀವ ಬಂದಂತಾಯಿತು ನನಗೆ. "ಸಿಕ್ತಲ್ಲ, ತೇಪೆ ಹಾಕಿದ್ರಾಯ್ತು! ಮರೆವು ಯಾರಿಗಿಲ್ಲ? ನಾನು ಕನ್ನಡಕ ತಲೆ ಮೇಲಿಟ್ಕೊಂಡೇ ಮನೆಯೆಲ್ಲ ಹುಡುಕ್ತೀನಿ."

"ಮರೆತಿದ್ರೆ ಪರವಾಗಿರ್ಲಿಲ್ಲ ಕಣೆ," ಎಂದ. "ಡುವೇನ್ ಕೈಗೆ ಕೊಟ್ಟಿದ್ದು ನೆನಪಿದೆ ನಂಗೆ. ಅವನು ಅದನ್ನ ಜೇಬಿಗೆ ಹಾಕ್ಕೊಂಡಿದ್ದೂ ನೆನಪಿದೆ."

ಸ್ಪ್ಯಾನರನ್ನು ಒರೆಸಿ ಅದರ ಜಾಗಕ್ಕೆ ತೂಗುಹಾಕಿದ. ಗುರುವಾರ ಬರಬೇಡವೆಂದು ಡುವೇನ್‌ಗೆ ಹೇಳಲು ನಾನು ಫೋನ್ ತೆಗೆದೆ. ಆರ್ಲೊ ನನ್ನ ಕೈ ಹಿಡಿದ.

"ಬರ್ಲಿ ಬಿಡು. ಹಾರಿಸೋಕೂ ಅವನೇ ಬೇಕು. ನಾನು ಹಿಂದಿನ ಸೀಟಲ್ಲಿ ಕೂರ್ತೀನಿ."