ಹಗ್ಗಕ್ಕೆ ಕೈ ಹಚ್ಚಿದವರ ಪಾಲು

ಪ್ರಭು ಕ್ರಿಸ್ತರಲ್ಲಿ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಹೋದ ವರ್ಷ ಅಕ್ಟೋಬರಿನಲ್ಲಿ, ಮನೆಮನೆಯಲ್ಲಿ ಜಪಸರದ ಪ್ರಾರ್ಥನೆ ನಡೆಯುವ ತಿಂಗಳಿನಲ್ಲೇ, ಕಾರವಾರದ ಬಸ್ ನಿಲ್ದಾಣದಲ್ಲಿ ನನ್ನ ತಂದೆ ಕಳೆದುಹೋದರು. ಮಗು ಕಳೆದುಹೋದರೆ ಊರೇ ಹುಡುಕುತ್ತದೆ. ಬಿಳಿ ಅಂಗಿ ತೊಟ್ಟ, ಕಂಡವರಿಗೆಲ್ಲ ಕೈಮುಗಿಯುವ ಮುದುಕ ಕಳೆದುಹೋದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಎದುರಿಗೇ ನಡೆದುಹೋದರೂ, ಪಾಪ ಎಲ್ಲಿಗೋ ಹೊರಟಿದ್ದಾರೆ ಅಂದುಕೊಳ್ಳುತ್ತಾರೆ. ಆ ದಿನ ಪ್ರಭು ನಮಗೆ ಮಾಡಿದ್ದನ್ನು ನಿಮ್ಮ ಮುಂದೆ ಹೇಳದೆ ನನಗೆ ಸಮಾಧಾನವಿಲ್ಲ. ನಾನು ಹೊಲಿಗೆಯವಳು, ಬರೆಯುವವಳಲ್ಲ. ಎಲ್ಲಾದರೂ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದಿ.

ನಮ್ಮ ಮನೆ ಮಾಜಾಳಿಯಲ್ಲಿ. ಗಂಡ ಫಿಲಿಪ್ ದಿನಾ ಗೋವಾಕ್ಕೆ ಕೆಲಸಕ್ಕೆ ಹೋಗಿಬರುತ್ತಾರೆ. ನಾನು ಜಗಲಿಯಲ್ಲಿ ಮಶಿನ್ ಇಟ್ಟುಕೊಂಡು ಊರಿನ ಹೆಂಗಸರ ರವಿಕೆ ಹೊಲಿಯುತ್ತೇನೆ. ಪಪ್ಪಾ ನಮ್ಮ ಜೊತೆಗೇ ಇದ್ದಾರೆ. ಪ್ರಾಯದಲ್ಲಿ ಅವರು ಇಗರ್ಜಿಯಲ್ಲಿ ಗಂಟೆ ಹೊಡೆಯುವವರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪ್ರಾರ್ಥನೆಗೆ ಹಗ್ಗ ಎಳೆಯುವುದು, ಬಲಿಪೀಠದ ಬಟ್ಟೆ ಬದಲಿಸುವುದು, ಮೇಣದಬತ್ತಿ ಹಚ್ಚುವುದು, ಇಷ್ಟರಲ್ಲೇ ಅವರ ಆಯುಷ್ಯ ಕಳೆಯಿತು. ಸಣ್ಣವಳಿದ್ದಾಗ ನಾನು ಅವರ ಕಾಲಿಗೆ ಜೋತುಬಿದ್ದು ಗಂಟೆಯ ಹಗ್ಗದ ಜೊತೆ ಮೇಲಕ್ಕೂ ಕೆಳಕ್ಕೂ ತೂಗುತ್ತಿದ್ದೆ. ಯಾಕೆ ಪಪ್ಪಾ ಇಷ್ಟು ಜೋರು ಹೊಡಿತೀರಿ ಅಂದರೆ, "ಜನ ಬರಬೇಕಲ್ಲ ಬಾಯ್" ಅನ್ನುತ್ತಿದ್ದರು. ನಮ್ಮ ಕೊಂಕಣಿಯಲ್ಲಿ ಮಗಳನ್ನು ಬಾಯ್ ಎಂದೇ ಕರೆಯುವುದು.

ಮರೆವು ಬಂದದ್ದು ಮೆಲ್ಲಗೆ. ಮೊದಲು ಕನ್ನಡಕ ಮರೆತರು, ಆಮೇಲೆ ಊಟ ಮಾಡಿದ್ದು, ಆಮೇಲೆ ಅಮ್ಮ ತೀರಿಹೋದದ್ದು. ಕೊನೆಗೆ ಒಂದು ಬೆಳಿಗ್ಗೆ ನಾನು ಚಹಾ ಕೊಟ್ಟಾಗ ಎದ್ದು ನಿಂತು, ಗುರುತಿಲ್ಲದ ಹೆಂಗಸಿಗೆ ಹೇಳುವ ಹಾಗೆ, "ದೇವರು ಒಳ್ಳೇದು ಮಾಡಲಿ ಅಕ್ಕೋರೆ" ಎಂದರು. ಒಳಗೆ ಹೋಗಿ ಮಶಿನ್ ಮೇಲೆ ತಲೆ ಇಟ್ಟು ಅತ್ತೆ. ಹೆತ್ತ ಅಪ್ಪನ ಬಾಯಲ್ಲಿ ಅಕ್ಕೋರೆ ಅನ್ನಿಸಿಕೊಳ್ಳುವ ಸಂಕಟ ಯಾರಿಗೂ ಬೇಡ.

ಎಲ್ಲ ಮರೆತರೂ ಅವರ ಕೈ ಮಾತ್ರ ಹಗ್ಗ ಮರೆಯಲಿಲ್ಲ. ಹಗ್ಗ ಕಂಡರೆ ಸಾಕು, ಹಿಡಿದು ಎಳೆಯುವುದೇ! ಸಂಜೆಯಾದರೆ ಬಾವಿಕಟ್ಟೆಗೆ ಹೋಗಿ ರಾಟೆಯ ಹಗ್ಗ ಜಗ್ಗುತ್ತಿದ್ದರು, ಕೊಡಪಾನ ಢಣಢಣ ಎಂದು ಗೋಡೆಗೆ ಬಡಿಯುತ್ತಿತ್ತು. ಬಾವಿಗೆ ಬಿದ್ದಾರೆಂದು ಹೆದರಿ ಫಿಲಿಪ್ ಆ ಹಗ್ಗ ಬಿಚ್ಚಿಟ್ಟರು. ಪಪ್ಪಾ ಬಟ್ಟೆ ಒಣಹಾಕುವ ಹಗ್ಗಕ್ಕೆ ಕೈ ಹಾಕಿದರು. ಒಂದು ಮದುವೆ ಮನೆಯ ರವಿಕೆಗಳೆಲ್ಲ ಕೆಸರಿಗೆ ಬಿದ್ದವು. ಅದನ್ನೂ ಬಿಚ್ಚಿದೆವು. ಆಮೇಲೆ ನಾನು ಹೊಲಿದಿಟ್ಟ ಲಂಗದ ಲಾಡಿಗಳನ್ನು ಒಂದೊಂದಾಗಿ ಎಳೆದು ಹೊರಗೆ ತೆಗೆದರು. ನಗಬೇಡಿ, ಲಾಡಿ ಪೋಣಿಸುವವರ ಕಷ್ಟ ನಿಮಗೇನು ಗೊತ್ತು! ದಿನಾ ಜಪಸರ ಮುಗಿದ ಮೇಲೆ ನನ್ನದು ಒಂದೇ ಬೇಡಿಕೆ: "ಪ್ರಭುವೇ, ನೆನಪು ಕೊಡಲಾಗದಿದ್ದರೆ ಬೇಡ, ಈ ಹಗ್ಗದ ಹುಚ್ಚೊಂದನ್ನು ಬಿಡಿಸು." ಪ್ರಭು ಬಿಡಿಸಲಿಲ್ಲ. ನಾನು ಬೇಸತ್ತು, ನಿನಗೂ ಕಿವಿ ಮಂದವಾಯಿತೇ ಎಂದು ಶಿಲುಬೆಯ ಎದುರಿಗೇ ಗೊಣಗಿದ್ದುಂಟು.

ಆ ಮಂಗಳವಾರ ಪಪ್ಪಾನನ್ನು ಡಾಕ್ಟರಿಗೆ ತೋರಿಸಲು ಕಾರವಾರಕ್ಕೆ ಕರೆದೊಯ್ದಿದ್ದೆ. ಮಳೆಗಾಲ ಮುಗಿದು ಬಿಸಿಲು ಬಂದಿದ್ದರೂ ಕಾಳಿ ಸೇತುವೆಯ ಮೇಲೆ ಬೆಳಗಿನ ಮಂಜು ಹರಡಿತ್ತು, ನೀರು ಯಾವುದು ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಪಪ್ಪಾ ಬಸ್ಸಿನ ಕಿಟಕಿಗೆ ಹಣೆ ಒತ್ತಿ, "ನಾವು ದೋಣಿಯಲ್ಲಿದ್ದೇವೆ" ಎಂದರು. ಆಸ್ಪತ್ರೆಯಲ್ಲಿ ಡಾಕ್ಟರು ಮಾತ್ರೆ ಬದಲಿಸಿ, "ಒಬ್ಬರನ್ನೇ ಎಲ್ಲೂ ಬಿಡಬೇಡಿ" ಎಂದು ಒತ್ತಿ ಹೇಳಿದರು. ನಿಲ್ದಾಣಕ್ಕೆ ಬಂದು ಪಪ್ಪಾನನ್ನು ಬೆಂಚಿನ ಮೇಲೆ ಕೂರಿಸಿ, ಮಾಜಾಳಿ ಬಸ್ಸು ಯಾವಾಗ ಎಂದು ಕೇಳಲು ಕಂಟ್ರೋಲರ್ ಕಿಟಕಿಗೆ ಹೋದೆ. ತಿರುಗಿ ನೋಡುವಷ್ಟರಲ್ಲಿ ಬೆಂಚು ಖಾಲಿ.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ, ಎಲ್ಲ ನೀರೊಳಗೆ ನಡೆದ ಹಾಗಿದೆ. ಓಡಿದೆ, ಕೂಗಿದೆ, ಹೂ ಮಾರುವವಳನ್ನು ಕೇಳಿದೆ, ರಿಕ್ಷಾದವರನ್ನು ಕೇಳಿದೆ. "ಬಿಳಿ ಅಂಗಿ ಅಜ್ಜ? ಎಷ್ಟ್ ಜನ ಹೋತ್ರು ಅಕ್ಕಾ" ಎಂದ ಒಬ್ಬ. ಪೊಲೀಸರು ಚಹರೆ ಬರೆದುಕೊಂಡು, ಫೋನ್ ಹತ್ತಿರವೇ ಇಟ್ಟುಕೊಂಡು ಪೇಟೆಯಲ್ಲೇ ಇರಿ ಎಂದರು. ಗೋವಾದಿಂದ ಹೊರಟ ಫಿಲಿಪ್ ಮಾಜಾಳಿಯಿಂದ ದಾರಿಯುದ್ದಕ್ಕೂ ಹುಡುಕುತ್ತ ಬೈಕಿನಲ್ಲಿ ಬರುತ್ತಿದ್ದರು. ಪಪ್ಪಾನ ಅಂಗಿಗಳ ಕಾಲರ್ ಒಳಗೆ ನಾನೇ ಕೆಂಪು ದಾರದಲ್ಲಿ ನನ್ನ ಫೋನ್ ನಂಬರು ಹೊಲಿದಿದ್ದೆ. ಆದರೆ ಗುರುತಿಲ್ಲದ ಮುದುಕನ ಕಾಲರ್ ಮಗುಚಿ ಯಾರು ನೋಡುತ್ತಾರೆ? ನನಗೆ ಕಡಲಿನದೇ ಹೆದರಿಕೆ. ಕಾರವಾರದಲ್ಲಿ ಯಾವ ದಾರಿ ಹಿಡಿದರೂ ಕೊನೆಗೆ ಸಿಗುವುದು ಕಡಲೇ ತಾನೆ.

ಮಧ್ಯಾಹ್ನದ ಮೇಲೆ ಕಾಲು ಸೋತು ಪೇಟೆಯ ಇಗರ್ಜಿಯೊಳಗೆ ಹೋಗಿ ಕುಳಿತೆ. ಒಳಗೆ ಯಾರೂ ಇರಲಿಲ್ಲ. ಬಣ್ಣದ ಗಾಜಿನಿಂದ ಬಿದ್ದ ಬೆಳಕು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ದಿನಾ ಅಷ್ಟು ಉದ್ದ ಬೇಡುವವಳಿಗೆ ಅಂದು ಸಿಕ್ಕಿದ್ದು ಒಂದೇ ಮಾತು, "ಹಿಡಿದುಕೋ." ನನ್ನ ಕೈಯಿಂದ ಜಾರಿದವರನ್ನು ನೀನು ಹಿಡಿದುಕೋ. ಹಿಡಿದುಕೋ ಪ್ರಭುವೇ, ಹಿಡಿದುಕೋ. ಹಾಗೆ ಹೇಳುತ್ತ ಹೇಳುತ್ತ ಕಣ್ಣು ಮುಚ್ಚಿತೋ ಏನೋ. ಪಪ್ಪಾನ ಕಾಲಿಗೆ ಜೋತುಬಿದ್ದ ಸಣ್ಣವಳಾಗಿದ್ದೆ, ಗಂಟೆಯ ಹಗ್ಗ ನಮ್ಮಿಬ್ಬರನ್ನೂ ಮೇಲೆತ್ತಿತು, ಕೆಳಗೆ ನೆಲವಿರಲಿಲ್ಲ, ಬರೀ ನೀರಿನ ಹೊಳಪು. ಹೆದರಿಕೆಯೇ ಆಗಲಿಲ್ಲ. ಗಂಟೆ ಬಾರಿಸುತ್ತಿದೆ ಎಂದುಕೊಂಡೆ, ಬಾರಿಸುತ್ತಿದ್ದದ್ದು ನನ್ನ ಫೋನು.

"ತಂಗೀ, ಈ ಕೆಂಪು ದಾರದ ನಂಬರು ನಿಂದೇಯಾ?" ಹೆಂಗಸಿನ ದನಿ, ಹಿಂದೆ ಗಾಳಿ, ಕೂಗು, ತೆರೆಗಳ ಸದ್ದು. "ಹೆದ್ರಬೇಡ. ನಿನ್ನ ಅಪ್ಪ ಇಲ್ಲಿದ್ದಾನೆ, ಹಾರವಾಡದ ಬೇಲೆ ಮೇಲೆ. ಚಹಾ ಕುಡೀತಾ ಕೂತಾನೆ ಮಾರಾಯ್ತಿ, ನೀ ಅಳೂದು ಬಿಟ್ಟು ಬಾ."

ಹಾರವಾಡದ ಕಡಲದಂಡೆ! ಅಂಕೋಲೆ ತಾಲೂಕಿನದು, ನಾವು ಹೋಗಬೇಕಾದ ದಾರಿಗೆ ಪೂರಾ ಉಲ್ಟಾ. ಅಷ್ಟು ಹೊತ್ತಿಗೆ ಫಿಲಿಪ್ ಬಂದು ಮುಟ್ಟಿದ್ದರು. ಪೊಲೀಸರಿಗೆ ಸುದ್ದಿ ತಿಳಿಸಿ ಬೈಕ್ ಹತ್ತಿದೆವು. ಬಿಣಗಾ ಸುರಂಗದ ಕತ್ತಲೆ ದಾಟಿ ಆಚೆ ಬಂದದ್ದೇ, ಇಳಿಬಿಸಿಲು ಹೊನ್ನಿನ ಹುಡಿಯಂತೆ ಮೈಮೇಲೆ ಸುರಿಯಿತು. ಕಡಲು ಒಮ್ಮೆ ಮರಗಳ ಸಂದಿಯಲ್ಲಿ ಕಾಣುವುದು, ಒಮ್ಮೆ ಮರೆಯಾಗುವುದು. ನಾವು ಹೋಗುತ್ತಿದ್ದೇವೋ ದಾರಿಯೇ ಹಿಂದಕ್ಕೆ ಹರಿಯುತ್ತಿದೆಯೋ ತಿಳಿಯುತ್ತಿರಲಿಲ್ಲ.

ಬೇಲೆಯ ಮೇಲೆ ರಂಪಣಿ ಎಳೆಯುವುದು ಮುಗಿದಿತ್ತು. ನೋಡದವರಿಗೆ ಹೇಳುತ್ತೇನೆ: ದೋಣಿಯಲ್ಲಿ ಹೋಗಿ ದೊಡ್ಡ ಬಲೆಯನ್ನು ಕಡಲಿನಲ್ಲಿ ಅರ್ಧ ಸುತ್ತು ಬಿಟ್ಟುಬರುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಸಾಲು ಜನ ನಿಂತು, ಒಟ್ಟಿಗೆ ಕೂಗು ಹಾಕುತ್ತ ಎಳೆಯುತ್ತಾರೆ. ಮರಳಿನ ಮೇಲೆ ಬಂಗಡೆ ಮೀನಿನ ರಾಶಿ ಮಿನುಗುತ್ತಿತ್ತು. ಅದರ ಪಕ್ಕ, ಯಾರದೋ ಚೌಕಳಿ ಲುಂಗಿ ಉಟ್ಟು, ಯಾರದೋ ಟೀ ಶರ್ಟು ತೊಟ್ಟು, ಪಪ್ಪಾ ರಾಜನ ಹಾಗೆ ಕುಳಿತಿದ್ದರು. ಓಡಿಹೋಗಿ ಅವರ ಕಾಲು ಹಿಡಿದುಕೊಂಡೆ. ಎಷ್ಟು ಅತ್ತೆನೆಂದರೆ ಮೀನು ನೋಡಲು ಬಂದವರೆಲ್ಲ ನನ್ನನ್ನು ನೋಡುತ್ತ ನಿಂತರು.

ಫೋನ್ ಮಾಡಿದವಳು ನಾಗವೇಣಿ, ಕಾರವಾರದ ಪೇಟೆಯಲ್ಲಿ ಮೀನು ಮಾರುವವಳು. ಅವಳೇ ಹೇಳಿದಳು. "ನಾ ಖಾಲಿ ಬುಟ್ಟಿ ಹಿಡ್ಕಂಡು ಬಸ್ ಹತ್ತಿದ್ರೆ ಹಿಂದಿಂದ ಇಂವನೂ ಹತ್ತಿದ. ಬುಟ್ಟಿ ಎತ್ತಿ ಕೊಟ್ಟ. ಇಳಿವಾಗ ತಾನೇ ಇಳಿಸಿ ಕೊಟ್ಟ. ಯಾರದೋ ಮನೆ ನೆಂಟ ಇರಬೇಕು ಅಂದ್ಕಂಡು ನಾ ನನ್ನ ಮನೆಗೆ ಹೋದೆ." ಟಿಕೆಟ್ ತೆಗೆದರೋ ಇಲ್ಲವೋ ದೇವರಿಗೇ ಗೊತ್ತು. ಆ ಕಂಡಕ್ಟರ್ ಪುಣ್ಯಾತ್ಮನ ಹೆಸರಿನಲ್ಲೂ ನಾನು ಪ್ರಾರ್ಥಿಸಿದ್ದೇನೆ.

"ಊಟ ಮುಗ್ಸಿ ಬೇಲೆಗೆ ಬಂದು ನಾನೂ ಹಗ್ಗ ಹಿಡ್ದೆ," ಎಂದಳು ನಾಗವೇಣಿ. "ನೋಡ್ತೆ, ಇಂವ ಸೀದಾ ಕಡಲಿಗೆ ನಡ್ದು ಹೋಗ್ತಾ ಇದ್ದಾನೆ! ಮೊಣಕಾಲು ಮುಳುಗ್ತು, ಸೊಂಟ ಮುಳುಗ್ತು. ಕೂಗಿದ್ರೆ ಕೇಳೂದೇ ಇಲ್ಲ. ನಾನು ಹಗ್ಗ ಬಿಟ್ಟು ಹಾರ್ದೆ, ಆದ್ರೆ ಅಷ್ಟು ದೂರ ಹೋಗಿ ಮುಟ್ಟೂಕೆ ಆಗ್ಬೇಕಲ್ಲ? ಅಷ್ಟರಲ್ಲಿ ನಮ್ಮ ಬಲೆ ಹಗ್ಗ ಅಂವನ ಎದೆಗೆ ಅಡ್ಡ ಸಿಕ್ತು. ನಿಂತ. ಹಗ್ಗ ಮುಟ್ಟಿ ನೋಡ್ದ. ಆಮೇಲೆ ಎರಡೂ ಕೈಲಿ ಹಿಡ್ದು, ದಡಕ್ಕೆ ಮುಖ ಮಾಡಿ ಎಳೂಕೆ ಶುರು ಮಾಡ್ದ ನೋಡು! ಎಳೀತಾ ಎಳೀತಾ ತಾನೇ ಮೇಲೆ ಬಂದ. ಬಂದವನು ಬಿಡ್ಲಿಲ್ಲ, ಕಡೇ ತನಕ ನಮ್ಮ ಸಾಲಲ್ಲೇ ನಿಂತು ಎಳ್ದ."

ಒದ್ದೆ ಅಂಗಿ ಬಿಚ್ಚಿಸಿ ಒಣಹಾಕುವಾಗಲೇ ಕಾಲರಿನ ಕೆಂಪು ದಾರ ಅವಳ ಕಣ್ಣಿಗೆ ಬಿದ್ದದ್ದು.

ಬಿಡಿಸು ಬಿಡಿಸು ಎಂದು ದಿನಾ ಬೇಡಿದ್ದೆನಲ್ಲ, ಆ ಹುಚ್ಚನ್ನು ಪ್ರಭು ಬಿಡಿಸಿದ್ದರೆ ಪಪ್ಪಾ ಆ ಹಗ್ಗವನ್ನು ಎತ್ತಿ, ಅದರಡಿಗೆ ತಲೆ ತಗ್ಗಿಸಿ, ಮುಂದಕ್ಕೆ ನಡೆದುಬಿಡುತ್ತಿದ್ದರು. ನಾನು ಮನೆಯ ಹಗ್ಗಗಳನ್ನೆಲ್ಲ ಬಚ್ಚಿಡುತ್ತ ಇದ್ದೆ, ಪ್ರಭು ಕಡಲಿನಲ್ಲೇ ಒಂದು ಹಗ್ಗ ಹಾಸಿಟ್ಟಿದ್ದ. ಇಗರ್ಜಿಯಲ್ಲಿ ಕುಳಿತು ಹಿಡಿದುಕೋ ಅಂದ ಮಾತನ್ನು ಅವನು ಎಲ್ಲಿ ಕೇಳಿಸಿಕೊಂಡನೆಂದು ನನಗೆ ಆಗ ತಿಳಿಯಿತು.

ಆಮೇಲೆ ಪಾಲು ಹಂಚುವುದು ನಡೆಯಿತು. ಆ ಬಲೆಯ ಮುಖಂಡ, ತಾಂಡೇಲ ಎನ್ನುತ್ತಾರೆ ಅವರನ್ನು, ಒಬ್ಬೊಬ್ಬರಿಗೂ ಒಂದೊಂದು ಗುಪ್ಪೆ ಮೀನು ಹಾಕುತ್ತ ಬಂದು ಪಪ್ಪಾನ ಮುಂದೆಯೂ ಒಂದು ಗುಪ್ಪೆ ಹಾಕಿದರು. ನನಗೆ ನಾಚಿಕೆಯಾಗಿ, "ಬೇಡ ಅಣ್ಣಾ, ನೀವೇ ನಮ್ಮ ಜೀವ ಉಳಿಸಿದ್ದೀರಿ, ಮೇಲಿಂದ ಮೀನು ತಗೊಂಡು ಹೋಗುವುದಾ?" ಎಂದೆ. ಅವರಿಗೆ ಸಿಟ್ಟೇ ಬಂತು.

"ಅಲ್ಲಾ ತಂಗೀ, ಇದೇನು ಧರ್ಮಕ್ಕೆ ಕೊಡೂದು ಅಂದ್ಕಂಡ್ಯಾ? ಅಜ್ಜ ಹಗ್ಗಕ್ಕೆ ಕೈ ಹಚ್ಚಿದಾನೆ. ಯಾವ ಊರಂವ, ಯಾವ ಜಾತಿ, ಮೊದ್ಲು ಬಂದ್ನಾ ಕಡೆಗೆ ಬಂದ್ನಾ, ಅದೆಲ್ಲಾ ನಾವು ಕೇಳೂದಿಲ್ಲ. ಕೈ ಹಚ್ಚಿದ ಮೇಲೆ ಪಾಲು ಪಾಲೇ. ಕೊಡದೇ ಇದ್ರೆ ನಾಳೆ ಬಲೆಗೆ ಮೀನೇ ಬೀಳೂದಿಲ್ಲ."

ಪಪ್ಪಾ ಆ ಮೀನನ್ನು ಟವೆಲಿನಲ್ಲಿ ಕಟ್ಟಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಹೊತ್ತು ಮುಳುಗುವ ಬೆಳಕೆಲ್ಲ ಅವರ ಮುಖದ ಮೇಲಿತ್ತು. ಗಂಟನ್ನು ನನ್ನ ಕೈಗಿಟ್ಟು, "ಬಾಯ್, ಹೆಂ ಘೆ" ಎಂದರು. ಮಗಳೇ, ಇದನ್ನು ತಗೋ, ಎಂದು. ಬಾಯ್! ಎಷ್ಟು ತಿಂಗಳ ಮೇಲೆ ಆ ಮಾತು! ನನ್ನ ಎದೆ ಹಿಗ್ಗಿಹೋಯಿತು, ಬಿಕ್ಕಳಿಸಿದೆ. "ಜನ ಬಂದ್ರಾ?" ಎಂದು ಕೇಳಿದರು. "ಬಂದ್ರು ಪಪ್ಪಾ, ಎಲ್ಲ ಬಂದ್ರು" ಎಂದೆ.

ಮನೆ ಮುಟ್ಟುವಷ್ಟರಲ್ಲಿ ನಾನು ಮತ್ತೆ ಅಕ್ಕೋರೆ ಆಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಪಪ್ಪಾನ ಮರೆವು ವಾಸಿಯಾಗಿಲ್ಲ, ಆಗುವುದೂ ಇಲ್ಲವೆಂದು ಡಾಕ್ಟರು ಹೇಳಿದ್ದಾರೆ. ಆದರೂ ನನ್ನ ಪ್ರಾರ್ಥನೆಗೆ ಉತ್ತರ ಸಿಕ್ಕಿದೆ ಎಂದು ಧೈರ್ಯವಾಗಿ ಸಾಕ್ಷಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಎಷ್ಟು ಬೇಡಿದರೂ ಹೋಗದ ಒಂದು ಕಿರಿಕಿರಿ ಇದ್ದರೆ, ಅದನ್ನು ಪ್ರಭು ಯಾಕೆ ಉಳಿಸಿದ್ದಾನೋ, ಯಾವ ನೀರಿನಲ್ಲಿ ಅದು ಕೈಗೆ ಬರುವುದೋ ನಮಗೇನು ಗೊತ್ತು? ಅವನನ್ನು ನಂಬಿ. ಅವನಿಗೆ ಸ್ತೋತ್ರ, ಹಾರವಾಡದ ಆ ಬೇಲೆಯ ಜನಕ್ಕೆ ಅವನ ಆಶೀರ್ವಾದ. ನಾಗವೇಣಿಗೆ ಕ್ರಿಸ್ಮಸ್ಸಿಗೆ ಒಂದು ರವಿಕೆ ಹೊಲಿದು ಕೊಟ್ಟೆ, ತೋಳು ಬಿಗಿಯಾಯಿತೆಂದು ಚೆನ್ನಾಗಿ ಬೈದಳು. ಬಿಚ್ಚಿ ಮತ್ತೆ ಹೊಲಿದು ಕೊಟ್ಟಿದ್ದೇನೆ.

ಬಾವಿಯ ಹಗ್ಗವನ್ನು ಫಿಲಿಪ್ ಅಂಗಳದ ಮಾವಿನ ಮರದ ಕೊಂಬೆಗೆ ಕಟ್ಟಿಕೊಟ್ಟಿದ್ದಾರೆ. ಸಂಜೆ ಇಗರ್ಜಿಯ ಗಂಟೆ ಕೇಳಿದ ಕೂಡಲೇ ಪಪ್ಪಾ ಎದ್ದು ಹೋಗಿ ಅದನ್ನು ಎಳೆಯುತ್ತಾರೆ. ನಾನು ಮಶಿನ್ ನಿಲ್ಲಿಸಿ ಪಕ್ಕದಲ್ಲಿ ನಿಂತು ಪ್ರಾರ್ಥನೆ ಹೇಳುತ್ತೇನೆ. ಎಲೆ ಅಲುಗುತ್ತದೆ, ಬೆಳಕು ಅಲುಗುತ್ತದೆ, ದೂರದ ಗಂಟೆ ಅವರ ಕೈಯಿಂದಲೇ ಬಂದ ಹಾಗೆ ಕೇಳುತ್ತದೆ. ಮೊನ್ನೆ ಹಾಗೆ ನಿಂತಿದ್ದಾಗ ಅವರು ಸರಿದು ನನಗೆ ಜಾಗ ಮಾಡಿಕೊಟ್ಟು, ಹಗ್ಗದ ತುದಿಯನ್ನು ನನ್ನ ಅಂಗೈಯಲ್ಲಿಟ್ಟು, ಗುರುತಿಲ್ಲದವರಿಗೆ ದಾರಿ ತೋರಿಸುವಷ್ಟು ಮೆತ್ತಗೆ ಹೇಳಿದರು:

"ನೀವೂ ಕೈ ಹಚ್ಚಿ ಅಕ್ಕೋರೆ. ಪಾಲು ಸಿಗುತ್ತದೆ."